ಧಾತು ಸಂವತ್ಸರದ ಆಸವ

ಧಾರವಾಡದ ಮಾಳಮಡ್ಡಿಯಲ್ಲಿ ವೈದ್ಯ ತ್ರ್ಯಂಬಕರಾಯರ ದ್ರಾಕ್ಷಾಸವವನ್ನು ಅಮಲಿಗಾಗಿ ಕುಡಿಯುವವರು ಒಬ್ಬರೂ ಇರಲಿಲ್ಲ. ಎಲ್ಲರೂ ಔಷಧವೆಂದೇ ಕುಡಿಯುತ್ತಿದ್ದರು. ಒಬ್ಬರಿಗೆ ಮೂಲವ್ಯಾಧಿ, ಒಬ್ಬರಿಗೆ ಮಂದಾಗ್ನಿ, ಇನ್ನೊಬ್ಬರಿಗೆ ನಿದ್ದೆ ಇಲ್ಲ. ರೋಗ ಯಾವುದೇ ಇರಲಿ, ಅದು ಕಾಡುತ್ತಿದ್ದುದು ಮಾತ್ರ ದೀಪ ಹಚ್ಚಿದ ಮೇಲೆಯೇ. ಊಟವಾದ ನಂತರ ಎರಡು ಚಮಚೆ ಎಂದು ರಾಯರು ಹೇಳುತ್ತಿದ್ದರು. ಚಮಚೆ ಎಷ್ಟು ದೊಡ್ಡದೆಂದು ಅವರು ಯಾರನ್ನೂ ಕೇಳುತ್ತಿರಲಿಲ್ಲ, ರೋಗಿಗಳೂ ತಾವಾಗಿ ಹೇಳುತ್ತಿರಲಿಲ್ಲ. ಹೀಗೆ ಎರಡೂ ಕಡೆಯ ಮರ್ಯಾದೆ ಉಳಿದು ಮೂವತ್ತು ವರ್ಷದಿಂದ ಸಂಸಾರ ನಡೆದಿತ್ತು.

ಬಾಟಲಿಗೆ ಒಂದೂಕಾಲು ರೂಪಾಯಿ. ಅದು ರಾಯರ ತಂದೆ ಕಟ್ಟಿಹೋದ ಬೆಲೆ. ಬೆಲ್ಲದ ಧಾರಣೆ ಏರಲಿ, ದ್ರಾಕ್ಷಿ ಅಗ್ಗವಾಗಲಿ, ಬೆಲೆ ಕದಲುತ್ತಿರಲಿಲ್ಲ. ರಾಯರ ಹೆಂಡತಿ ಮಂದಾಕಿನಿಬಾಯಿ ಹಿಟ್ಟು ಸಾಣಿಸುವಾಗೆಲ್ಲ ಆ ಒಂದೂಕಾಲು ರೂಪಾಯಿಯನ್ನು ಬಯ್ಯುತ್ತಿದ್ದರು. ಮಗ ದತ್ತು ಹಿಂದಿನ ವರ್ಷವೇ ಬಿ.ಎ. ಮುಗಿಸಿ, ನೌಕರಿ ಸಿಗುವವರೆಗೆ ಎಂದು ಬಾಟಲಿಗಳಿಗೆ ಬೂಚು ಹಾಕುತ್ತ ಕೂತಿದ್ದ. ರಾಯರ ತಾಯಿ ಗೋದಾಬಾಯಿಗೆ ಎಪ್ಪತ್ತು ದಾಟಿತ್ತು. ಶ್ಲೋಕ ಹೇಳಿ ತೂಕ ಮಾಡುವುದು ರಾಯರ ಕೆಲಸವಾದರೂ ಭರಣಿಗಳ ಯಜಮಾನಿಕೆ ಈ ಮುದುಕಿಯದೇ. ಉಗ್ರಾಣದ ನೆಲದಲ್ಲಿ ತೋಡಿದ ಕುಣಿಯೊಳಗೆ, ಕುತ್ತಿಗೆಯವರೆಗೆ ಹೊಟ್ಟು ತುಂಬಿ ಹೂತಿಟ್ಟ ಚೀನಿ ಭರಣಿಗಳು. ಹಳೆಯದಕ್ಕೂ ಹೊಸದಕ್ಕೂ ಕಲಬೆರಕೆಯಾಗದಿರಲೆಂದು ಗೋದಾಬಾಯಿ ಪ್ರತಿ ಭರಣಿಯ ಕುತ್ತಿಗೆಗೆ ಆಯಾ ಸಂವತ್ಸರದ ಹೆಸರನ್ನು ಕೆಮ್ಮಣ್ಣಿನಲ್ಲಿ ಬರೆಯುತ್ತಿದ್ದರು.

ರಾಯರ ಪಾಲಿಗೆ ಅದು ಬರೀ ಗುರುತು. ಗಿರಾಕಿಗಳಿಗೆ ಮಾತ್ರ ಜಾತಕ. ಪಡಸಾಲೆಯಲ್ಲಿ ಕೂತು ನಾಡಿ ತೋರಿಸುತ್ತಲೇ, ಶ್ರೀಮುಖ ಸಂವತ್ಸರದ್ದು ತುಸು ಒಗರು, ಭಾವದ್ದು ಮೆತ್ತಗೆ, ಯುವದಂಥದ್ದು ಹಿಂದೆ ಬಂದಿಲ್ಲ ಮುಂದೆ ಬರುವುದಿಲ್ಲ ಎಂದು ದತ್ತುವಿನ ಕಿವಿಯಲ್ಲಿ ಹೇಳಿಹೋಗುತ್ತಿದ್ದರು. ರಾಯರು ಕೇಳಿಸದವರಂತೆ ಇರುತ್ತಿದ್ದರು. ಅವರಿಗೆ ಬದುಕಿನಲ್ಲಿ ಒಂದೇ ಭಯ. ಪ್ಲೇಗಿನದಲ್ಲ, ಸರಕಾರದ್ದೂ ಅಲ್ಲ. ಯಾರಾದರೂ ತಮ್ಮನ್ನು ಸೆರೆ ಮಾರುವವನು, ಹೆಂಡದಂಗಡಿಯವನು ಎಂದುಬಿಟ್ಟರೆ ಎಂಬ ಭಯ. ಹುಡುಗನಾಗಿದ್ದಾಗ ಸಾಲೆಯಲ್ಲಿ ಒಬ್ಬ ಹಾಗೆ ಅಂದಿದ್ದಕ್ಕೆ ಅವನ ಮೂಗು ಒಡೆದು ಬಂದಿದ್ದರು. ಈಗ ಐವತ್ತೈದರ ವಯಸ್ಸಿನಲ್ಲಿ ಮೂಗು ಒಡೆಯುವ ಹಾಗಿರಲಿಲ್ಲ. ಅದಕ್ಕೇ ಬೆಲೆಯನ್ನು ಭದ್ರವಾಗಿ ಹಿಡಿದುಕೊಂಡಿದ್ದರು. ಔಷಧ ಎಂದಮೇಲೆ ಪ್ರತಿವರ್ಷವೂ ಒಂದೇ ಗುಣ, ಒಂದೇ ಬೆಲೆ. ಈ ವರ್ಷದ್ದು ಹೆಚ್ಚು ಆ ವರ್ಷದ್ದು ಕಡಿಮೆ ಎಂದು ಒಪ್ಪಿಕೊಂಡ ದಿನ ತಾವು ವೈದ್ಯರಲ್ಲ ಎಂಬುದು ಅವರ ಲೆಕ್ಕ.

ಆ ಲೆಕ್ಕಕ್ಕೆ ಕಲ್ಲು ಬಿದ್ದದ್ದು ಯುವ ಸಂವತ್ಸರ ಮುಗಿದು ಧಾತು ಹುಟ್ಟುವ ಹೊತ್ತಿಗೆ. ಯುಗಾದಿ ಇನ್ನೂ ಬಂದಿರಲಿಲ್ಲ, ವಿಜಾಪುರದ ಕಡೆ ಆಣೆಕಲ್ಲು ಸುರಿದು, ಬೆನ್ನಿಗೇ ಅಡ್ಡಮಳೆ ಹಿಡಿಯಿತು. ಹಣ್ಣಾಗಲು ನಿಂತ ದ್ರಾಕ್ಷಿ ನೀರು ಕುಡಿದು ಊದಿತು. ಯುಗಾದಿ ಕಳೆದೊಡನೆ ಹಳೇ ಹುಬ್ಬಳ್ಳಿಯ ಹಣ್ಣಿನ ದಲಾಲ ಹಜರತಅಲಿ ಪ್ರತಿ ವರ್ಷದಂತೆ ಬುಟ್ಟಿಗಳನ್ನು ರೈಲಿನಲ್ಲಿ ತಂದಿಳಿಸಿದ. ಮುಚ್ಚುಮರೆ ಮಾಡದೆ, ಈ ಸಲದ ಮಾಲು ಮಾಲಲ್ಲ, ಅರ್ಧ ಹಣ ಕೊಟ್ಟರೆ ಸಾಕು ಎಂದು ತಾನೇ ಹೇಳಿದ. ಗೋದಾಬಾಯಿ ಒಂದು ಹಣ್ಣು ಬಾಯಿಗೆ ಹಾಕಿಕೊಂಡು, ಮುಖ ಹಿಂಡಿ, ಹಿತ್ತಲಿಗೆ ಹೋಗಿ ಉಗುಳಿ ಬಂದರು.

ಈ ವರ್ಷ ಮಾಡುವುದೇ ಬೇಡ ಎಂದರು. ರೋಗಿಗಳು ಕಾಯುತ್ತಾರೆ ಎಂದರು ರಾಯರು. ಹಾಗಿದ್ದರೆ ಬೆಲ್ಲವನ್ನಾದರೂ ಒಂದೂವರೆ ಪಾಲು ಹಾಕು ಎಂದರು ಗೋದಾಬಾಯಿ. ರಾಯರು ಕಣ್ಣುಮುಚ್ಚಿ ಶ್ಲೋಕ ಹೇಳಿದರು. ಇಷ್ಟು ತೂಕ ದ್ರಾಕ್ಷಿಗೆ ಇಷ್ಟೇ ತೂಕ ಬೆಲ್ಲ. ಅದರ ಮೇಲೆ ಒಂದು ಹರಳು ಬೆಲ್ಲ ಬಿದ್ದರೂ ಶಾಸ್ತ್ರಕ್ಕೆ ದ್ರೋಹ.

“ತೂಕದಾಗ ಅರ್ಧ ಮಳಿನೀರಽ ಅದ,” ಅಂದರು ಗೋದಾಬಾಯಿ. “ನೀ ತಕ್ಕಡ್ಯಾಗ ನೀರು ತೂಗಲಿಕ್ಕತ್ತೀದಿ. ಶ್ಲೋಕ ಬರದವನ ಊರಾಗ ಆಣಿಕಲ್ಲು ಬಿದ್ದಿರಲಿಕ್ಕಿಲ್ಲ.”

“ಋಷಿಗೋಳು ಬರದದ್ದವ್ವಾ ಅದು.”

“ಋಷಿಗೋಳು ಕುಡದು ನೋಡೇ ಬರದಿರತಾರ. ನೀ ನೋಡೂದಿಲ್ಲ.”

ರಾಯರು ಶ್ಲೋಕದಂತೆಯೇ ತೂಗಿದರು. ಕಷಾಯ ಕುದಿಯಿತು, ಆರಿತು, ಬೆಲ್ಲ ಕರಗಿತು, ಧಾತಕಿ ಹೂವು ಏಲಕ್ಕಿ ಲವಂಗ ಎಲ್ಲ ಬಿದ್ದವು. ಭರಣಿಯ ಬಾಯಿಗೆ ಅರಿವೆ ಕಟ್ಟಿ ಮಣ್ಣು ಮೆತ್ತಿದರು. ಗೋದಾಬಾಯಿ ಕೆಮ್ಮಣ್ಣಿನಲ್ಲಿ ಧಾತು ಎಂದು ಬರೆಯುವಾಗ, ತಪ್ಪು ಮಾಡಿದ ಮೊಮ್ಮಗನ ಹೆಸರು ಬರೆಯುವವರಂತೆ ಸಣ್ಣ ಅಕ್ಷರದಲ್ಲಿ ಬರೆದರು. ಒಳ್ಳೆಯ ಆಸವ ಭರಣಿಯೊಳಗೆ ಗುಂಯ್ ಎನ್ನುತ್ತದೆ, ಕಿವಿಯಿಟ್ಟರೆ ಕೇಳುತ್ತದೆ. ಯುವ ಸಂವತ್ಸರದ್ದು ಹೊರಗಿನ ಪಡಸಾಲೆಗೂ ಕೇಳಿಸುವಂತೆ ಗುನುಗಿತ್ತೆಂದು ಗೋದಾಬಾಯಿ ಹೇಳುತ್ತಿದ್ದರು. ಈ ಸಲ ಅವರು ದಿನಾ ಸ್ನಾನವಾದೊಡನೆ ಕಿವಿಯಿಟ್ಟು ನೋಡಿದರು. ಮಂದಾಕಿನಿಬಾಯಿ ಏನಾದರೂ ಅನ್ನುತ್ತದೆಯೇ ಎಂದು ಅಡಿಗೆಮನೆಯಿಂದಲೇ ಕೇಳುತ್ತಿದ್ದರು. ಮುದುಕಿ ಇಲ್ಲವೆಂದು ಕೈಯಾಡಿಸಿ ಹೊರಬರುತ್ತಿದ್ದರು.

ತಿಂಗಳು ತುಂಬಿ ಭರಣಿಯ ಬಾಯಿಮಣ್ಣು ಒಡೆದ ದಿನ ಮನೆಮಂದಿಯೆಲ್ಲ ಉಗ್ರಾಣದಲ್ಲಿ ನಿಂತಿದ್ದರು. ಬಣ್ಣ ಕೆಂಪಿರಲಿಲ್ಲ, ತೆಳು ಸಾರಿನ ಬಣ್ಣ. ಗೋದಾಬಾಯಿ ಬೆರಳದ್ದಿ ನಾಲಿಗೆಗೆ ಹಚ್ಚಿಕೊಂಡು ನೆಟ್ಟಗೆ ದೇವರ ಮನೆಗೆ ನಡೆದರು. ದತ್ತು ಒಂದು ಬಟ್ಟಲು ಕುಡಿದು, ಹುಣಸೆ ಪಾನಕವೇ ಇದಕ್ಕಿಂತ ವಾಸಿ ಎಂದ. ರಾಯರು ನಾಲಿಗೆಗೂ ಮುಟ್ಟಿಸಲಿಲ್ಲ. ಅವರು ಯಾವ ವರ್ಷವೂ ಮುಟ್ಟಿಸಿದವರಲ್ಲ, ವೈದ್ಯನಿಗೆ ರೋಗವಿಲ್ಲದಾಗ ಔಷಧ ಯಾಕೆ ಎನ್ನುತ್ತಿದ್ದರು. ಬಾಟಲಿ ತುಂಬು ಎಂದಷ್ಟೇ ಮಗನಿಗೆ ಹೇಳಿದರು.

ಜಗಳ ಎದ್ದದ್ದು ಮಧ್ಯಾಹ್ನದ ಊಟಕ್ಕೆ. ಝುಣಕ ಭಕ್ಕರಿ ಬಡಿಸಿತ್ತು. ಯುವ ಸಂವತ್ಸರದ್ದು ಇನ್ನೂ ಅರ್ಧ ಭರಣಿ ಉಳಿದಿದೆ, ಅದಕ್ಕೆ ಐದು ರೂಪಾಯಿ ಮಾಡೋಣ, ಧಾತುವಿನದಕ್ಕೆ ಹನ್ನೆರಡಾಣೆ ಇಡೋಣ, ಆಗ ಮೋಸವೂ ಇಲ್ಲ ನಷ್ಟವೂ ಇಲ್ಲ ಎಂದು ದತ್ತು ಶುರುಮಾಡಿದ. ಮಾತು ಚೆನ್ನಾಗಿಯೇ ಇತ್ತು. ಮಂದಾಕಿನಿಬಾಯಿ ಮೆಚ್ಚಿಕೊಂಡು ಮಗನಿಗೆ ಇನ್ನೊಂದು ಚಮಚೆ ತುಪ್ಪ ಹಾಕಿದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಗೆಲ್ಲುತ್ತಿದ್ದನೋ ಏನೋ. ಆದರೆ ಓದಿದವರಿಗೆ ದೃಷ್ಟಾಂತ ಕೊಡದೆ ತುತ್ತು ಇಳಿಯುವುದಿಲ್ಲ.

“ಫ್ರಾನ್ಸ್ ದೇಶದಾಗ ಹಿಂಗಽ ಮಾಡತಾರಪ್ಪಾ. ಬಿಸಲು ಛಲೋ ಬಿದ್ದ ವರ್ಷದ್ದಕ್ಕ ಒಂದು ಬೆಲಿ, ಮಳಿ ಬಡದ ವರ್ಷದ್ದಕ್ಕ ಒಂದು ಬೆಲಿ. ಛಲೋ ವರ್ಷದ್ದು ಹಳೇದಾದಷ್ಟೂ ರೇಟ ಏರತದ. ಕಾಲೇಜಿನ ಪುಸ್ತಕದಾಗ ಓದೇನಿ.”

“ಯಾತರ ಬೆಲಿ ಅದು?” ರಾಯರು ಕೇಳಿದರು.

ದತ್ತುವಿನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಹೇಳದೆ ವಿಧಿಯಿರಲಿಲ್ಲ.

“ವೈನಿಂದು.”

ವೈನು ಎಂದರೇನು ಎಂದು ಗೋದಾಬಾಯಿ ಕೇಳಿದರು. ಉತ್ತರ ಬೇಕಾಗಲಿಲ್ಲ, ರಾಯರ ಮುಖ ನೋಡಿದೊಡನೆ ಮುದುಕಿಗೆ ಅರ್ಥವಾಯಿತು. ರಾಯರು ಊಟ ಸಾಕೆಂಬಂತೆ ಎಲೆಯ ಸುತ್ತ ನೀರು ತಿರುವಿದರು.

“ಔಷಧಕ್ಕ ಛಲೋ ವರ್ಷ, ಕೆಟ್ಟ ವರ್ಷ ಅಂತ ಇರೂದಿಲ್ಲ,” ಅಂದರು. “ಅವು ಇರೂದು ಸೆರಿಗೆ. ನಿನಗ ಎರಡು ಬೆಲಿ ಬೇಕಾದ್ರ ಮೊದಲ ಈ ಮನಿ ಬಾಗಲಕ್ಕ ಸೆರಿ ಅಂಗಡಿ ಬೋರ್ಡ ಹಾಕು. ನಾ ಆ ಬಾಗಲದಾಗ ಕಾಲಿಡೂದಿಲ್ಲ.”

ಅರ್ಧ ಭಕ್ಕರಿ ಎಲೆಯಲ್ಲೇ ಬಿಟ್ಟು ಎದ್ದರು. ಆ ದಿನ ದತ್ತುವಿಗೆ ಸಿಕ್ಕ ಬೈಗುಳದಲ್ಲಿ ಹೆಚ್ಚಿನದು ತಾಯಿಯದು. ಫ್ರಾನ್ಸ್ ದೇಶ ಊಟ ಮುಗಿಯುವವರೆಗೆ ಕಾಯುತ್ತಿರಲಿಲ್ಲವೇ ಎಂದು ಅವರ ಸಂಕಟ.

ಧಾತು ಸಂವತ್ಸರದ ಆಸವ ಒಂದೂಕಾಲು ರೂಪಾಯಿಗೇ ಊರೊಳಗೆ ಹೋಯಿತು. ವಾರ ಕಳೆಯುವುದರೊಳಗೆ ರೋಗಿಗಳು ಒಬ್ಬೊಬ್ಬರಾಗಿ ತಿರುಗಿ ಬರತೊಡಗಿದರು. ಅವರ ಕಷ್ಟ ನೋಡುವಂತಿತ್ತು. ನಶೆ ಏರಲಿಲ್ಲ ಎಂದು ಬಾಯಿಬಿಟ್ಟು ಹೇಳುವಂತಿಲ್ಲ, ಹೇಳದೆ ಸುಮ್ಮನಿರುವಂತೆಯೂ ಇಲ್ಲ. ಒಬ್ಬರು ಜಠರಾಗ್ನಿ ಏಳಲಿಲ್ಲ ಎಂದರು. ಒಬ್ಬರು ವಾಯು ಅಲುಗಲಿಲ್ಲ ಎಂದರು. ನಿವೃತ್ತ ಮಾಮಲೇದಾರ ಯಜ್ಞೇಶ್ವರರಾಯರು ಬಹಳ ಹೊತ್ತು ಛತ್ರಿಯ ಹಿಡಿಕೆ ಉಜ್ಜುತ್ತ ಕೂತು, ಊಟವಾದ ಮೇಲೆ ಮನಸ್ಸಿಗೆ ಬರುತ್ತಿದ್ದ ಒಂದು ಶಾಂತಿ ಈಗ ಬರುತ್ತಿಲ್ಲ, ಹೆಂಡತಿ ಮಾತಾಡಿದ್ದೆಲ್ಲ ಕೇಳಿಸುತ್ತದೆ ಎಂದು ಕಣ್ಣಲ್ಲಿ ನೀರು ತಂದುಕೊಂಡರು. ಎಲ್ಲರಿಗೂ ರಾಯರದು ಒಂದೇ ಉತ್ತರ. ಔಷಧ ಅದೇ, ಗುಣ ಅದೇ. ಸಾಲದಿದ್ದರೆ ಪ್ರಮಾಣ ಹೆಚ್ಚಿಸಿ, ಎರಡು ಚಮಚೆಯ ಬದಲು ನಾಲ್ಕು ತಗೊಳ್ಳಿ.

ಹುಬ್ಬಳ್ಳಿಯ ಅರಳೆ ವ್ಯಾಪಾರಿ ಸಿದ್ದಲಿಂಗಪ್ಪನವರು ಅದೇ ಉತ್ತರ ತೆಗೆದುಕೊಂಡು ಹೋದವರಲ್ಲಿ ಒಬ್ಬರು. ದೊಡ್ಡ ದೈವಭಕ್ತರು, ಲಿಂಗಪೂಜೆ ಇಲ್ಲದೆ ನೀರು ಮುಟ್ಟುವವರಲ್ಲ. ಸೆರೆ ಕುಡಿಯುವವನ ನೆರಳಿಗೂ ಹೇಸುವ ಮನುಷ್ಯ. ಅವರ ಮನೆಯಲ್ಲಿ ಎರಡು ಚಮಚೆ ಎಂದರೆ ಸಾರಿನ ಸೌಟಿನಿಂದ ಎರಡು. ನಾಲ್ಕು ಎಂದು ವೈದ್ಯರ ಅಪ್ಪಣೆಯಾದ ಮೇಲೆ ಒಂದು ಬಾಟಲಿ ಎರಡು ದಿನಕ್ಕೂ ಬರಲಿಲ್ಲ. ಆದರೂ ಶಾಂತಿ ಇಲ್ಲ. ಮುಂದಿನ ಸೋಮವಾರ ಮತ್ತೆ ಧಾರವಾಡಕ್ಕೆ ಬಂದು, ರಾಯರು ರೋಗಿಯೊಬ್ಬರ ಮನೆಗೆ ಹೋಗಿದ್ದ ಹೊತ್ತು ನೋಡಿ ದತ್ತುವನ್ನು ಹಿತ್ತಲಿಗೆ ಕರೆದರು.

“ಯುವ ಐತೇನೋ ತಮ್ಮಾ?”

ಇದೆ, ಆದರೆ ಕೊಡುವ ಹಾಗಿಲ್ಲ ಎಂದ ದತ್ತು. ಸಿದ್ದಲಿಂಗಪ್ಪನವರು ಕೋಟಿನ ಕಿಸೆಯಿಂದ ಐದು ರೂಪಾಯಿ ತೆಗೆದು ತುಳಸಿಕಟ್ಟೆಯ ಮೇಲಿಟ್ಟರು. ಬಾಟಲಿಗೆ ಐದು ಎಂದರು. ದತ್ತು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಗೋದಾಬಾಯಿಯ ದನಿ ಬಂತು, ಎರಡು ಬಾಟಲಿ ತೊಳೆದು ತಾ ಎಂದು. ಯುವ ಸಂವತ್ಸರದ್ದು ತನ್ನ ಕೈಯ ಕೆಲಸ, ಅದನ್ನು ಈ ಹುಣಸೆನೀರಿನ ಬೆಲೆಗೆ ಮಾರುವುದಕ್ಕಿಂತ ದೊಡ್ಡ ಅವಮಾನ ಮುದುಕಿಗೆ ಬೇರೆ ಇರಲಿಲ್ಲ. ಬಂದ ಹತ್ತು ರೂಪಾಯಿ ಮಂದಾಕಿನಿಬಾಯಿಯ ಕೈಸೇರಿತು. ಆ ವಾರ ಮನೆಯಲ್ಲಿ ಎರಡು ಸಲ ಹೋಳಿಗೆಯಾಯಿತು. ರಾಯರು ಹಬ್ಬ ಯಾವುದೆಂದು ಕೇಳಿದರು. ಬೇಳೆ ಮುಗ್ಗಲು ಹಿಡಿಯುತ್ತಿತ್ತು, ಅದಕ್ಕೆ ಎಂದು ಹೆಂಡತಿ ಹೇಳಿದರು.

ಹೀಗೆ ಒಂದು ವಾರ, ಎರಡು ವಾರ ನಡೆಯಿತು. ಯುವದ ಸುದ್ದಿ ಬಾಯಿಂದ ಬಾಯಿಗೆ ಹೋಗಿ ಐದಿದ್ದದ್ದು ಆರಾಯಿತು. ಧಾತು ಎಷ್ಟೆಷ್ಟು ಹುಳಿಯೆನಿಸಿತೋ ಯುವ ಅಷ್ಟಷ್ಟು ಸಿಹಿಯಾಯಿತು. ಹೋದ ವರ್ಷ ಒಂದೂಕಾಲಕ್ಕೆ ಕುಡಿದು ಸುಮ್ಮನಿದ್ದವರು ಈಗ ಅದರ ಪರಿಮಳವನ್ನು ನೆನೆದು ನಿಟ್ಟುಸಿರು ಬಿಡುತ್ತಿದ್ದರು. ಮನೆಯಲ್ಲಿ ಮೂವರಿಗೆ ಗೊತ್ತಿದ್ದೂ ಒಬ್ಬರಿಗೆ ಗೊತ್ತಿಲ್ಲದ ವ್ಯಾಪಾರ ಎಷ್ಟು ದಿನ ನಡೆದೀತು? ಕಾರಹುಣ್ಣಿಮೆ ಕಳೆದ ನಾಲ್ಕಾರು ದಿನಕ್ಕೆ ಮಾಮಲೇದಾರರು ಮಟಮಟ ಮಧ್ಯಾಹ್ನ ಬಂದು ಪಡಸಾಲೆಯಲ್ಲಿ ಕೂತರು. ಮುಖ ಊದಿಕೊಂಡಿತ್ತು. ಅವರಿಗೆ ರೈಲಿನಲ್ಲಿ ಸಿದ್ದಲಿಂಗಪ್ಪನವರು ಸಿಕ್ಕಿದ್ದರಂತೆ.

“ತ್ರ್ಯಂಬಕರಾಯರ, ನಾ ನಿಮ್ಮ ಓಣಿಯವ,” ಅಂದರು. “ಹುಬ್ಬಳ್ಳಿಯವರಿಗೆ ಯುವ ಸಿಗತದ, ನನಗ ಹುಳೀನೀರು. ರೊಕ್ಕದ ಮಾತಾದ್ರ ನನಗೂ ಹೇಳಬಹುದಿತ್ತು. ನಾ ಏಳು ಕೊಡತಿದ್ದೆ.”

ರಾಯರು ಎದ್ದು ನಿಂತರು. ಮುಖ ಬೆಳ್ಳಗಾಗಿತ್ತು. ಏಳು ರೂಪಾಯಿ ಯಾವುದಕ್ಕೆ ಎಂದು ಅವರು ಕೇಳಲಿಲ್ಲ. ಒಳಗೆ ಬಂದು ಮಗನನ್ನು ನೋಡಿದರು, ಹೆಂಡತಿಯನ್ನು ನೋಡಿದರು. ಹೋಳಿಗೆಯ ಹಬ್ಬ ಯಾವುದೆಂದು ಅವರಿಗೆ ಆಗ ತಿಳಿಯಿತು. ಕೂಗಾಡಲಿಲ್ಲ. ಕೂಗಾಡಿದ್ದರೆ ಮಂದಾಕಿನಿಬಾಯಿಗೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ. ಆ ಭರಣಿಯನ್ನು ಮೋರಿಗೆ ಸುರಿಯುತ್ತೇನೆ, ಉಳಿಯುವುದು ಒಂದೇ ಔಷಧ, ಒಂದೇ ಬೆಲೆ ಎಂದು ಹೇಳಿ, ತಂಬಿಗೆ ಹಿಡಿದು ಉಗ್ರಾಣಕ್ಕೆ ನಡೆದರು.

ಅಲ್ಲಿ ಗೋದಾಬಾಯಿ ಯುವ ಸಂವತ್ಸರದ ಭರಣಿಯ ಮುಚ್ಚಳದ ಹಲಗೆಯ ಮೇಲೆ ಕೂತಿದ್ದರು. ಆಗಷ್ಟೇ ಸ್ನಾನ ಮಾಡಿ ಮಡಿಯುಟ್ಟಿದ್ದರು.

“ಏಳವ್ವಾ.”

“ಏಳೂದಿಲ್ಲ. ನನ್ನ ಹಿಂಗಽ ಎತ್ತಿ ಆಚಿಗೆ ಇಡು, ಆಮ್ಯಾಲ ಸುರುವು.”

ಇಡೀ ಬೆಳಿಗ್ಗೆ ಊರಮಂದಿಯ ನಾಡಿ ಹಿಡಿದ ಕೈ. ಮಡಿಯಲ್ಲಿದ್ದ ತಾಯಿಯನ್ನು ಮುಟ್ಟುವ ಹಾಗಿಲ್ಲ. ರಾಯರು ಒಂದು ಗಳಿಗೆ ನಿಂತರು, ತಂಬಿಗೆ ಇಟ್ಟರು, ಬಾವಿಯ ಕಟ್ಟೆಗೆ ಹೋಗಿ ಐದಾರು ಕೊಡ ನೀರು ತಲೆಯ ಮೇಲೆ ಸುರಿದುಕೊಂಡರು. ಒದ್ದೆಪಂಚೆಯಲ್ಲೇ ತಿರುಗಿ ಬಂದರು. ಅಷ್ಟರಲ್ಲಿ ಗೋದಾಬಾಯಿ ಕಣ್ಣುಮುಚ್ಚಿ ಜಪಕ್ಕೆ ತೊಡಗಿದ್ದರು. ಜಪದಲ್ಲಿದ್ದವರನ್ನು ಏಳಿಸುವುದು ಮಹಾಪಾಪ. ರಾಯರು ಜಪ ಮುಗಿಯಲೆಂದು ಕಾಯುತ್ತ ನಿಂತರು. ಪಂಚೆಯಿಂದ ನೀರು ತೊಟ್ಟಿಕ್ಕಿ ಉಗ್ರಾಣದ ನೆಲ ರಾಡಿಯಾಯಿತು. ಮಂದಾಕಿನಿಬಾಯಿ ಬಾಗಿಲಿಗೆ ಬಂದು, ಸಾರು ಆರುತ್ತದೆ ಎಂದು ಯಾರಿಗೆಂದಿಲ್ಲದೆ ಹೇಳಿ ಹೋದರು. ಮುದುಕಿಯ ತುಟಿ ಇನ್ನೂ ಜೋರಾಗಿ ಅಲುಗಿತು. ಅವತ್ತು ಅವರು ಮಾಡಿದಷ್ಟು ಜಪವನ್ನು ಕಾಶಿಯಲ್ಲಿ ಕೂತವರೂ ಮಾಡಿರಲಿಕ್ಕಿಲ್ಲ.

ಇಂಥ ಹೊತ್ತಿನಲ್ಲಿ ಬಾಗಿಲಿಗೆ ಟಾಂಗಾ ಬಂದು ನಿಂತಿತು. ಇಳಿದವರು ಸಿದ್ದಲಿಂಗಪ್ಪನವರ ಹೆಂಡತಿ ಬಾಳವ್ವ. ಇಳಕಲ್ಲ ಸೀರೆ, ಹಣೆಯ ತುಂಬ ವಿಭೂತಿ, ಕೈಯಲ್ಲಿ ಒಂದು ಚೀಲ, ಚೀಲದಲ್ಲಿ ಗಲಗಲ ಎನ್ನುವ ಬಾಟಲಿಗಳು. ದತ್ತು ಕಿಟಕಿಯಿಂದ ನೋಡಿ, ಜಗಳಕ್ಕೆ ಬಂದರು ಎಂದವನೇ ಅಟ್ಟ ಏರಿದ. ಮಾಮಲೇದಾರರಿಗೂ ಮನೆಯಲ್ಲಿ ಏನೋ ಕೆಲಸ ನೆನಪಾಗಿ ಎದ್ದು ನಡೆದರು. ರಾಯರು ಮೈಮೇಲೆ ಉತ್ತರೀಯ ಎಳೆದುಕೊಂಡು ಪಡಸಾಲೆಗೆ ಬಂದರು. ಇವತ್ತು ಆ ಮಾತು ಬಂದೇ ಬರುತ್ತದೆ ಎಂದು ಅವರಿಗೆ ಖಾತ್ರಿಯಾಗಿತ್ತು. ಒಬ್ಬಳು ಹೆಣ್ಣುಮಗಳು, ನನ್ನ ಗಂಡನಿಗೆ ಸೆರೆ ಮಾರಿದಿ ಎಂದು ಬಾಗಿಲಲ್ಲಿ ನಿಂತು ಹೇಳುತ್ತಾಳೆ. ತಲೆ ತಗ್ಗಿಸಿ ಕೇಳಿಸಿಕೊಳ್ಳಬೇಕು, ಬೇರೆ ದಾರಿ ಇಲ್ಲ.

ಬಾಳವ್ವ ಎರಡು ಬಾಟಲಿ ತೆಗೆದು ಅವರ ಮುಂದಿಟ್ಟರು. ಒಂದು ಖಾಲಿ, ಒಂದರಲ್ಲಿ ಅರ್ಧ ಕೆಂಪು ಆಸವ.

“ರಾಯರ, ಈ ಕೆಂಪಂದು ತಿರುಗಿ ತಗೋರಿ. ಇದನ್ನ ಇನ್ನ ನಮ್ಮ ಮನಿಗೆ ಕಳಸಬ್ಯಾಡ್ರಿ. ಈ ಖಾಲಿ ಆಗೇತಲ್ಲ, ಬೆಳ್ಳನ್ನ ಹುಳಿಂದು, ಅದು ನನಗ ಒಂದು ಡಜನ್ ಬೇಕ್ರಿ.”

ರಾಯರಿಗೆ ತಾವು ಕೇಳಿದ್ದು ಸರಿಯೋ ತಪ್ಪೋ ತಿಳಿಯಲಿಲ್ಲ. ಯಾಕೆ ಎಂದರು.

ಬಾಳವ್ವ ಸೆರಗು ಬಾಯಿಗೆ ಹಿಡಿದು ಮೊದಲು ನಾಚಿದರು, ಆಮೇಲೆ ನಾಚಿಕೆ ಬಿಟ್ಟು ಎಲ್ಲವನ್ನೂ ಹೇಳಿದರು. ಯಜಮಾನರದು ಹತ್ತು ವರ್ಷದ ಮಲಬದ್ಧತೆ. ಬೆಳಿಗ್ಗೆ ಒಳಗೆ ಹೋದರೆ ಅರಳೆ ಪೇಟೆ ತೆರೆಯುವವರೆಗೆ ಹೊರಗೆ ಬರುತ್ತಿರಲಿಲ್ಲ. ಈ ಹುಳಿಯದನ್ನು ಸೌಟುಗಟ್ಟಲೆ ಕುಡಿದ ಮೂರನೆಯ ದಿನಕ್ಕೆ ಹೊಟ್ಟೆ ಹಗುರಾಯಿತು. ಹಸಿವೆ ಬಂತು. ಮೂಲವ್ಯಾಧಿಯ ಉರಿ ಇಳಿಯಿತು. ಎಲ್ಲಕ್ಕಿಂತ ಮಿಗಿಲಾಗಿ, ಉಂಡ ಮೇಲೆ ಎಚ್ಚರ ಇರುತ್ತಾರೆ.

“ಮದಲೆಲ್ಲಾ ಔಷಧ ತಗೊಂಡು ಎರಡು ವಚನ ಹಾಡಿ, ಮೂರನೇದು ಅರ್ಧಕ್ಕ ಬಿಟ್ಟು ಹಂಗಽ ಮಲಗತಿದ್ರು. ಮಗಳ ಲಗ್ನದ ಮಾತು ಎರಡು ವರ್ಷದಿಂದ ಹೇಳಾಕತ್ತಿದ್ದೆ, ಕೇಳಾಕ ಅವರು ಎಚ್ಚರ ಇರಬೇಕಲ್ರಿ. ಈ ಹುಳಿಂದು ಬಂದ ಮ್ಯಾಲ ಕುಂತು ಪೂರಾ ಕೇಳಿದ್ರು. ಗದಗಿನ ವರ ನೋಡಾಕ ಹೋಗಿ ಬಂದ್ರು. ಹೂಂ ಅಂದ್ರು. ಅಷ್ಟ್ರಾಗ ಈ ಕೆಂಪಂದು ಮನಿಗೆ ಬಂತು ನೋಡ್ರಿ, ಮತ್ತ ವಚನಾ ಸುರುವಾತು.” ಬಾಳವ್ವ ಖಾಲಿ ಬಾಟಲಿಯನ್ನು ರಾಯರ ಕಡೆ ಸರಿಸಿದರು. “ಇದು ಖರೇ ಔಷಧ ರಾಯರ. ನನ್ನ ಮಗಳ ಬಾಳೇವು ಇದರ ಮ್ಯಾಲ ಐತಿ. ಇದಕ್ಕ ಆರು ತಗೋರಿ, ಏಳು ತಗೋರಿ, ಕೊಡತೀನಿ.”

ಖರೇ ಔಷಧ. ಈ ಎರಡು ಮಾತನ್ನು ತ್ರ್ಯಂಬಕರಾಯರು ಮೂವತ್ತು ವರ್ಷದಲ್ಲಿ ಮೊದಲ ಸಲ ಕೇಳಿದರು. ಕುಡಿದವರು ಭೇಷ್ ಎಂದಿದ್ದರು, ವಾಹವಾ ಎಂದಿದ್ದರು, ಇನ್ನೊಂದು ಬಾಟಲಿ ಕೊಡಿ ಎಂದಿದ್ದರು. ಗುಣವಾಯಿತು ಎಂದವರು ಯಾರೂ ಇರಲಿಲ್ಲ. ಒದ್ದೆಪಂಚೆಯಲ್ಲೇ ಮಣೆಯ ಮೇಲೆ ಕೂತು, ಪ್ರಮಾಣ ಎಷ್ಟು, ಪಥ್ಯ ಏನು, ಬದನೆಕಾಯಿ ಯಾಕೆ ಬೇಡ ಎಂದು ಸಣ್ಣ ಹುಡುಗನ ಉತ್ಸಾಹದಲ್ಲಿ ವಿವರಿಸಿದರು. ಬೆಲೆ ಒಂದೂಕಾಲು ರೂಪಾಯಿ, ಅದಕ್ಕಿಂತ ಒಂದು ಕಾಸು ಹೆಚ್ಚಿಲ್ಲ, ಔಷಧಕ್ಕೆ ಎರಡು ಬೆಲೆ ಇಲ್ಲ ಎಂದು ಮೂರು ಸಲ ಹೇಳಿದರು. ಮೂರನೆಯ ಸಲ ದನಿ ಎತ್ತರಿಸಿದ್ದು ಅಟ್ಟದಲ್ಲಿದ್ದ ಮಗನಿಗೆ ಕೇಳಲೆಂದು. ಟಾಂಗಾ ಹೊರಟ ಮೇಲೆ ಉಗ್ರಾಣದ ಬಾಗಿಲಿಗೆ ಬಂದು ನಿಂತು ತಾಯಿಯನ್ನು ನೋಡಿದರು. ಋಷಿಗಳೂ ತಾವೂ ಗೆದ್ದೆವೆಂಬ ಕಳೆ ಮುಖದಲ್ಲಿತ್ತು.

“ಕೇಳಿದೇನವ್ವಾ? ನಾ ಏನಂದಿದ್ದೆ? ಔಷಧಕ್ಕ ಕೆಟ್ಟ ವರ್ಷ ಇಲ್ಲ.”

ಜಪ ಮುಗಿದಿತ್ತು. ಗೋದಾಬಾಯಿ ಕಣ್ಣು ತೆರೆದರು. ಅವರಿಗೆ ಮಗನನ್ನು ನೋಯಿಸುವ ಮನಸ್ಸಿರಲಿಲ್ಲ. ಆದರೆ ಎಪ್ಪತ್ತು ದಾಟಿದವರಿಗೆ ನಾಲಿಗೆ ಕಟ್ಟಿ ಹಾಕುವ ಶಕ್ತಿ ಎಲ್ಲಿರುತ್ತದೆ?

“ಕೇಳಿದೆ, ತ್ರ್ಯಂಬಕಾ. ಭಾಳ ಸಂತೋಷಾತು. ಮೂವತ್ತು ವರ್ಷದಾಗ ನೀ ಔಷಧ ಮಾಡಿದ್ದು ಇದೊಂದಽ ವರ್ಷ.”

ರಾಯರು ನಗಲು ಹೋದವರು ಅರ್ಧಕ್ಕೇ ನಿಂತರು. ಮಾತು ತಲೆಯೊಳಗೆ ಇಳಿಯಲು ತುಸು ಹೊತ್ತು ಹಿಡಿಯಿತು. ಇದೊಂದು ವರ್ಷ ಔಷಧವಾದರೆ, ಉಳಿದ ಇಪ್ಪತ್ತೊಂಬತ್ತು ವರ್ಷ? ಅವರು ಮೆಲ್ಲಗೆ ಹೊಸ್ತಿಲ ಮೇಲೆ ಕೂತರು. ಮಾಮಲೇದಾರರ ಶಾಂತಿ, ಸಿದ್ದಲಿಂಗಪ್ಪನವರ ವಚನ, ಚಮಚೆಯ ಅಳತೆ ಕೇಳದೆ ಬಿಟ್ಟ ತಮ್ಮ ಜಾಣತನ, ಎಲ್ಲ ಒಂದೊಂದಾಗಿ ಕಣ್ಣಮುಂದೆ ಬಂದವು. ಸಾಲೆಯ ಆ ಹುಡುಗನ ಮೂಗನ್ನು ಸುಮ್ಮನೆ ಒಡೆದೆನಲ್ಲ ಎಂದು ಅವರಿಗೆ ನಿಜವಾಗಿಯೂ ಕೆಟ್ಟದೆನಿಸಿತು. ಮಂದಾಕಿನಿಬಾಯಿ ಒಣಪಂಚೆ ತಂದು ಹೆಗಲ ಮೇಲೆ ಹಾಕಿದರು. ಕಡೆಗೆ ರಾಯರೇ ಬಾಯಿಬಿಟ್ಟರು.

“ಅವ್ವಾ, ಏಳು. ನಾ ಸುರುವೂದಿಲ್ಲ. ಆ ಭರಣಿ ನಿಂದು. ಏನ ಬೆಲಿ ಬೇಕಾದ್ರೂ ಮಾಡ್ಕೋ, ಆದ್ರ ಅದನ್ನ ಔಷಧ ಅನಬ್ಯಾಡ, ನನ್ನ ಹೆಸರು ಹೇಳಬ್ಯಾಡ. ಧಾತು ನಂದು. ಅದು ಮುಂಬಾಗಲದಾಗ, ಒಂದೂಕಾಲು ರೂಪಾಯಿಗೆ.”

ಅಂದಿನಿಂದ ಮನೆಗೆ ಎರಡು ವ್ಯಾಪಾರವಾದವು. ಮುಂಬಾಗಿಲಲ್ಲಿ ರಾಯರು ಚಮಚೆ ಹಿಡಿದು ಕೂತರು. ಬಾಳವ್ವನಿಂದ ಸುದ್ದಿ ತಿಳಿದ ಹೆಂಗಸರು ಹುಬ್ಬಳ್ಳಿಯಿಂದ, ಉಣಕಲ್ಲಿನಿಂದ ಬಂದು, ಯಜಮಾನರಿಗೆ ಎಂದು ಹುಳಿ ಆಸವ ಒಯ್ದರು. ರಾಯರು ಒಬ್ಬೊಬ್ಬರಿಗೂ ಚಮಚೆಯ ಅಳತೆ ತೋರಿಸಿ ಕಳಿಸಿದರು. ಗುಣವಾದವರು ತಿರುಗಿ ಬರಲಿಲ್ಲ. ಔಷಧದ ದೊಡ್ಡ ದೋಷವೇ ಅದು, ಗುಣವಾದ ಮೇಲೆ ಯಾರಿಗೂ ಬೇಡ. ಹಿತ್ತಲ ಬಾಗಿಲಿನ ವ್ಯಾಪಾರಕ್ಕೆ ಆ ದೋಷವಿರಲಿಲ್ಲ. ಅಲ್ಲಿ ಗೋದಾಬಾಯಿ ಬೆಲೆ ಹೇಳುವರು, ದತ್ತು ಅಳೆದು ಹಾಕುವನು. ಮಳೆ ಹಿಡಿಯುವ ಹೊತ್ತಿಗೆ ಯುವದ ಬೆಲೆ ಎಂಟಕ್ಕೆ ಮುಟ್ಟಿತ್ತು. ಮಾಮಲೇದಾರರು ಮುಖದ ಮೇಲೆ ಶಾಂತಿ ಧರಿಸಿಕೊಂಡು ಹಿತ್ತಲ ಬಾವಿಯನ್ನು ಬಳಸಿ ಹೋಗುತ್ತಿದ್ದರು.

ಶ್ರಾವಣದ ಒಂದು ದಿನ ಊಟಕ್ಕೆ ಕೂತಾಗ ರಾಯರು ಎಲೆಯ ಮೇಲಿನ ಅನ್ನವನ್ನು ನೋಡಿದರು. ಸಣ್ಣಕ್ಕಿಯದು. ತುಪ್ಪವೂ ಮುಂಚಿನದಕ್ಕಿಂತ ಗಟ್ಟಿ. ಮುಂಬಾಗಿಲಿನ ವ್ಯಾಪಾರ ಇಷ್ಟು ಚೆನ್ನಾಗಿದೆಯೇ ಎಂದು ಹೆಂಡತಿಯನ್ನು ಕೇಳಿದರು.

“ಮುಂಬಾಗಲದ ರೊಕ್ಕ ಮುಂಬಾಗಲದ ಔಷಧಕ್ಕ ಸಾಲೂದಿಲ್ಲ,” ಅಂದರು ಮಂದಾಕಿನಿಬಾಯಿ. “ಬೆಲ್ಲ, ಬಾಟ್ಲಿ, ಬೂಚು ಎಲ್ಲಾ ಹಿತ್ತಲದಿಂದಽ ಬರತದ. ನಿಮ್ಮ ಔಷಧ ನಡಿಯೂದು ಅತ್ತಿಯವರ ಭರಣಿ ಮ್ಯಾಲ. ಹೇಳಬಾರದಂತ ಸುಮ್ಮಿದ್ದೆ, ನೀವಽ ಕೇಳಿದ್ರಿ.”

ಗೋದಾಬಾಯಿ ತಲೆಯೆತ್ತಲಿಲ್ಲ. ದತ್ತುವಿಗೆ ಫ್ರಾನ್ಸ್ ದೇಶದ ಒಂದು ದೃಷ್ಟಾಂತ ನಾಲಿಗೆಯ ತುದಿಗೆ ಬಂದಿತ್ತು, ತಾಯಿ ನೋಡಿದ ನೋಟಕ್ಕೆ ನುಂಗಿಕೊಂಡ. ಎಲೆಯ ಸುತ್ತ ನೀರು ತಿರುವುತ್ತಾರೆಂದು ಎಲ್ಲರೂ ರಾಯರ ಕೈಯನ್ನೇ ನೋಡುತ್ತಿದ್ದರು. ರಾಯರು ಅನ್ನ ಕಲಸಿ, ಪೂರ್ತಿ ಉಂಡು, ಮಜ್ಜಿಗೆ ಕುಡಿದು ಎದ್ದರು.

ಮರುದಿನ ಬೆಳಿಗ್ಗೆ ಮಂದಾಕಿನಿಬಾಯಿ ಬಾವಿಗೆ ಹೋಗುವಾಗ ರಾಯರು ಹಿತ್ತಲ ಬಾಗಿಲಿನ ಹತ್ತಿರ ಕುಕ್ಕರಗಾಲಲ್ಲಿ ಕೂತಿದ್ದರು. ಆ ಬಾಗಿಲು ತೆರೆದಾಗಲೆಲ್ಲ ಓಣಿಯ ಕಡೆಯವರೆಗೂ ಕೇಳುವಂತೆ ಕಿರುಗುಡುತ್ತಿತ್ತು. ರಾಯರು ಎಣ್ಣೆಯ ಗಿಂಡಿ ಹಿಡಿದು, ಹತ್ತಿಯ ಬತ್ತಿಯಿಂದ ಅದರ ತಿರುಗಣಿಗೆ ಒಂದೊಂದೇ ಹನಿ ಎಣ್ಣೆ ಬಿಡುತ್ತಿದ್ದರು.